ಕೃಷ್ಣೆಯ ಅಳಿಯ

ಹೋದ ವರ್ಷ ಶ್ರಾವಣ ಹತ್ತಿರ ಬಂದಾಗ ಅಡಿವೆಪ್ಪನವರು ಫ್ರೀಮಾಂಟಿನ ನನ್ನ ಅಂಗಡಿಗೆ ಬಂದು ಬಿದಿರಿನ ಮೊರ ಇದೆಯೇ ಎಂದು ಕೇಳಿದರು. ಮೊರ ಕೇಳುವವರು ಇಲ್ಲಿ ಕಡಿಮೆ. ಗೌರಿ ಹಬ್ಬಕ್ಕೆ ಮೈಸೂರು ಕಡೆಯ ಹೆಂಗಸರು ಕೇಳುತ್ತಾರೆ, ಅಂಗೈ ಅಗಲದ್ದು ಕೊಟ್ಟರೂ ಶಾಸ್ತ್ರಕ್ಕೆ ಆಯಿತು ಎಂದು ಒಯ್ಯುತ್ತಾರೆ. ಇವರು ಎರಡೂ ಕೈ ಚಾಚಿ ಅಳತೆ ತೋರಿಸಿದರು.

“ಇಷ್ಟ ದೊಡ್ಡದು ಬೇಕ್ರಿ ಶೆಟ್ರ. ಜೋಡಿ ಮೊರ. ನೀರಾಗ ತೇಲಬೇಕು.”

“ಯಾವ ನೀರು ಮಾರಾಯ್ರೆ?”

“ಹೊಳಿ ನೀರು. ನಮ್ಮ ಬಳಗದಿಂದ ಈ ಸಲ ಬಾಗಿನಾ ಕೊಡಾಕತ್ತೀವಿ.”

ಊರಿನಲ್ಲಿ ಅಣೆಕಟ್ಟು ತುಂಬಿದರೆ ಮುಖ್ಯಮಂತ್ರಿಗಳು ಬಂದು ಬಾಗಿನ ಬಿಡುವುದನ್ನು ಟೀವಿಯಲ್ಲಿ ನೋಡಿದ್ದೇನೆ. ಮೊರದ ತುಂಬ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ಬೆಲ್ಲ. ಸುತ್ತ ಪೊಲೀಸರು, ಹಿಂದೆ ಮುಂದಿನ ಸಲದ ಮುಖ್ಯಮಂತ್ರಿಗಳು. ಯೂನಿಯನ್ ಸಿಟಿಯಲ್ಲಿ ಮೂರು ಬೆಡ್‌ರೂಮಿನ ಮನೆ ಇರುವ, ಮನೆಯಿಂದಲೇ ಕೆಲಸ ಮಾಡುವ, ಕಳೆದ ತಿಂಗಳಷ್ಟೇ ನನ್ನಲ್ಲಿ ಕೊಂಡ ಜೋಳದ ಹಿಟ್ಟಿನಲ್ಲಿ ಹುಳ ಇದೆ ಎಂದು ವಾಪಸು ತಂದಿದ್ದ ಮನುಷ್ಯನಿಗೆ ಆ ಸ್ಥಾನದ ಆಸೆ ಹುಟ್ಟಿದ್ದು ಹೇಗೆ ಎಂಬುದೇ ಈ ಕಥೆ.

ಬಾಗಿನ ಯಾವ ಹೊಳೆಗೆ? ಅಲಮೀಡಾ ಕ್ರೀಕಿಗೆ. ಗುಡ್ಡದಿಂದಿಳಿದು, ಯೂನಿಯನ್ ಸಿಟಿಯನ್ನು ಒಂದು ಕಡೆ, ಫ್ರೀಮಾಂಟನ್ನು ಇನ್ನೊಂದು ಕಡೆ ಇಟ್ಟುಕೊಂಡು, ಎರಡು ಏರಿಗಳ ನಡುವೆ ಕೊಲ್ಲಿಯತ್ತ ಹೋಗುವ ಹಳ್ಳ ಅದು. ಹಳ್ಳ ಎಂದರೆ ಅಡಿವೆಪ್ಪನವರಿಗೆ ಸಿಟ್ಟು ಬರುತ್ತದೆ.

ನದಿಗಳ ವಿಷಯದಲ್ಲಿ ಮಾತಾಡಲು ನನಗೆ ಅಧಿಕಾರವಿಲ್ಲ. ನಾನು ಉಡುಪಿಯ ಕಡೆಯವನು. ನಮ್ಮ ಕಡೆ ಹೊಳೆಗಳು ಬೆಳಿಗ್ಗೆ ಘಟ್ಟದಲ್ಲಿ ಎದ್ದರೆ ಸಂಜೆಯೊಳಗೆ ಕಡಲು ಸೇರುತ್ತವೆ. ಜಗಳವಾಡಲು ಅವಕ್ಕೆ ಪುರುಸೊತ್ತಿಲ್ಲ. ಕೃಷ್ಣೆ ಹಾಗಲ್ಲ. ಮಹಾರಾಷ್ಟ್ರದಲ್ಲಿ ಹುಟ್ಟಿ, ಕನ್ನಡದ ಜೋಳದ ಹೊಲಗಳನ್ನು ದಾಟಿ, ತೆಲುಗರ ಎರಡೂ ರಾಜ್ಯಗಳನ್ನು ಹಾದು, ದಾರಿಯುದ್ದಕ್ಕೂ ವಕೀಲರನ್ನು ಸಾಕಿಕೊಂಡು ಹೋಗುತ್ತದೆ. ಅದರ ದಂಡೆಗಾಗಿ ಸುಲ್ತಾನರು ಹೊಡೆದಾಡಿದರು, ರಾಯರು ಹೊಡೆದಾಡಿದರು, ಪೇಶ್ವೆಯವರು ಬಂದರು, ನಿಜಾಮರು ಬಂದರು. ಅವರೆಲ್ಲ ಹೋದ ಮೇಲೆ ಕಟ್ಟೆಯ ಎತ್ತರಕ್ಕಾಗಿ ಹೊಡೆದಾಡಲು ಇಂಜಿನಿಯರುಗಳು ಬಂದರು. ಅಡಿವೆಪ್ಪನವರು ಈ ಕೊನೆಯ ಪಂಗಡಕ್ಕೆ ಸೇರಿದವರು.

ಅವರ ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ಕೃಷ್ಣೆಯ ಮಗ’ ಎಂದು ಅಚ್ಚಾಗಿತ್ತು. ಮಗ ಹುಟ್ಟಿದ್ದು ಮಾತ್ರ ವಿಜಾಪುರ ಪೇಟೆಯ ಒಳಗೆ, ಹೊಳೆಯಿಂದ ಬಸ್ಸಿನಲ್ಲಿ ಹೋಗುವಷ್ಟು ದೂರ. ಅವರು ಬಾಲ್ಯದಲ್ಲಿ ಕಂಡ ಕೃಷ್ಣೆ ಟ್ಯಾಂಕರಿನಲ್ಲಿ ಬರುತ್ತಿದ್ದಳು, ಅದೂ ಬಂದರೆ. ಡಿಪ್ಲೊಮಾ ಮುಗಿಸಿ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಹಳ್ಳಿಗಳ ಅಳತೆಯ ಕೆಲಸಕ್ಕೆ ಸೇರಿದಾಗಲೇ ಹೊಳೆಯನ್ನು ಹತ್ತಿರದಿಂದ ಕಂಡದ್ದು. ಕೆಲಸ ಸುಲಭವಾಗಿತ್ತು. ಮೂರು ಕಾಲಿನ ದುರ್ಬೀನು ನಿಲ್ಲಿಸಿ ಮಟ್ಟ ನೋಡುವುದು, ನೀರು ಎಲ್ಲಿಯವರೆಗೆ ಬರುತ್ತದೋ ಅಲ್ಲಿ ಮನೆಗಳ ಗೋಡೆಗೆ ಕೆಂಪು ಬಣ್ಣದ ಗೆರೆ ಎಳೆಸುವುದು. ಗೆರೆ ಹೊಸ್ತಿಲಿಗಿಂತ ಮೇಲಿದ್ದರೆ ಮನೆ ಹೋಯಿತು. ಕೆಳಗಿದ್ದರೆ ಉಳಿಯಿತು.

ಹಿರೇಮುರಡಿ ಎಂಬ ಊರಿನಲ್ಲಿ ಬಂಗಾರೆವ್ವ ಎಂಬ ಹೆಂಗಸಿನ ಮನೆಯ ಮುಂದೆ ದುರ್ಬೀನು ನಿಲ್ಲಿಸಿದಾಗ, ಆಕೆಯ ಮಗಳು ಗುರುಬಸವ್ವ ಚಹಾ ತಂದುಕೊಟ್ಟಳು. ಚಹಾ ತೆಗೆದುಕೊಂಡು ಇವರು ಮಟ್ಟ ನೋಡಿದರೋ, ಮಟ್ಟ ಬಿಟ್ಟು ಬೇರೆ ಏನನ್ನಾದರೂ ನೋಡಿದರೋ, ಗೆರೆ ಮನೆಯ ಕಟ್ಟೆಯ ನಡುಮಧ್ಯಕ್ಕೆ ಬಿತ್ತು. ಹೊಸ್ತಿಲಿಗೆ ಇನ್ನೂ ಎರಡು ಗೇಣು ಬಾಕಿ. “ಹೊಳಿ ನಿಮ್ಮ ಕಟ್ಟಿ ತೊಳದು ಹೋಗತೈತಿ ಅಷ್ಟರಿ, ಒಳಗ ಬರಂಗಿಲ್ಲ” ಎಂದು ಹೇಳಿ ಬಂದರು. ಮರುವರ್ಷ ಮದುವೆಯೂ ಆಯಿತು.

ಅಕ್ಕಪಕ್ಕದವರು ಗೆರೆಯನ್ನು ನಂಬಲಿಲ್ಲ. ಹೊಳೆ ಏರುವ ಮೊದಲೇ ತೊಲೆ ಇಳಿಸಿದರು, ಬಾಗಿಲ ಚೌಕಟ್ಟು ಕಿತ್ತರು, ಹಗೇವಿನ ಜೋಳ ತೋಡಿ ಚೀಲ ತುಂಬಿ ಹೊಸ ಊರಿಗೆ ಸಾಗಿಸಿದರು. ಬಂಗಾರೆವ್ವ ಮಾತ್ರ ಒಂದು ಮೊಳೆಯನ್ನೂ ಕೀಳಲಿಲ್ಲ. ಗೆರೆ ಎಳೆದವನು ಮನೆಯ ಅಳಿಯ, ಅಳಿಯನ ಮಾತು ಮೀರುವುದು ಹೇಗೆ? ನೀರು ಹೊಸ್ತಿಲು ದಾಟಿ ಬರಲೂ ಇಲ್ಲ. ನಡುಮನೆಯ ನೆಲದಡಿಯ ಹಗೇವಿನಿಂದ ಬುಳುಬುಳು ಎಂದು ಎದ್ದು ಬಂತು. ಜೋಳ ಮೊದಲು ಹೋಯಿತು, ಆಮೇಲೆ ಗೋಡೆ, ಆಮೇಲೆ ಹಿರಿಯರು ಕೆತ್ತಿಸಿದ ತಲೆಬಾಗಿಲು. ಅಟ್ಟದವರೆಗೂ ನೀರು ನಿಂತಿತು. ಅಳಿಯ ಆಗ ಕಂಪ್ಯೂಟರ್ ಕೋರ್ಸು ಮುಗಿಸಿ ಸ್ಯಾನ್ ಹೊಸೆಯಲ್ಲಿ ಕೆಲಸಕ್ಕೆ ಸೇರಿದ್ದರು. ಫೋನಿನಲ್ಲಿ, “ಮಟ್ಟದಾಗ ಸ್ವಲ್ಪ ಫರಕ್ ಬರತಾವ ಅತ್ತಿ” ಎಂದರಂತೆ.

ಇದೆಲ್ಲ ನನಗೆ ಹೇಳಿದ್ದು ಬಂಗಾರೆವ್ವನೇ. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ನೆಲೆಸಿದ ಆಕೆ, ಮಗಳು ಸಾಮಾನು ಆರಿಸುವಷ್ಟು ಹೊತ್ತು ನನ್ನ ಅಕ್ಕಿ ಚೀಲಗಳ ಮೇಲೆ ಕೂತಿರುತ್ತಾಳೆ. ಇಳಕಲ್ ಸೀರೆ, ಕಾಲಿಗೆ ಮೊಮ್ಮಗಳು ಬಿಟ್ಟ ಓಟದ ಬೂಟು. ಮನೆ ಹೋದದ್ದಕ್ಕೆ ಆಕೆಗೆ ಅಳಿಯನ ಮೇಲೆ ಅಷ್ಟು ಸಿಟ್ಟಿಲ್ಲ. ಊರಿಗೆ ಊರೇ ಹೋಯಿತು, ನನ್ನದೊಂದೇ ಏನು ಎನ್ನುತ್ತಾಳೆ. ಗೆರೆ ತಪ್ಪಿತ್ತು ಎಂದು ಆ ಬಾಯಿಂದ ಒಮ್ಮೆಯೂ ಬರಲಿಲ್ಲವಲ್ಲ, ಆಕೆ ಕಾಯುತ್ತಿರುವುದು ಅದಕ್ಕೆ. ಹೊಳೆ ಕೂಡ ಆಮೇಲೆ ಬೇಸಗೆಯಲ್ಲಿ ಹಿಂದೆ ಸರಿದು ಗೋಡೆಯ ಬುಡ ತೋರಿಸಿತಂತೆ. ಅಳಿಯ ಅಷ್ಟೂ ಸರಿಯಲಿಲ್ಲ.

ಇನ್ನು ಬಳಗದ ವಿಷಯ. ಫ್ರೀಮಾಂಟಿನಲ್ಲಿ ಕನ್ನಡದವರ ಕೂಟವೊಂದು ಬಹಳ ಕಾಲದಿಂದ ಇದೆ. ಅದರ ಯಜಮಾನಿಕೆ ವ್ಯಾಸರಾಜ ಎಂಬವರದು. ಅವರು ಶ್ರೀರಂಗಪಟ್ಟಣದ ಕಡೆಯವರು, ಕಾವೇರಿ ಭಕ್ತರು, ಮಾತಿಗೆ ಮುಂಚೆ ನಗುವವರು. ಆ ನಗು ಯಾರ ಮೇಲೆ ಎಂದು ಎದುರಿನವರಿಗೆ ಮನೆ ತಲುಪಿದ ಮೇಲೆ ಹೊಳೆಯುತ್ತದೆ. ಒಂದು ರಾಜ್ಯೋತ್ಸವದ ಊಟದಲ್ಲಿ ಬಿಸಿಬೇಳೆ ಬಾತಿನ ಎದುರು ಜೋಳದ ರೊಟ್ಟಿಗೆ ಕೊನೆಯ ಮೇಜು ಕೊಟ್ಟರು, ರೊಟ್ಟಿ ಖಾಲಿಯಾದ ಮೇಲೆ ಅದರ ಬೋರ್ಡು ಇಟ್ಟರು ಎಂದು ಅಡಿವೆಪ್ಪನವರು ಸಿಡಿದೆದ್ದು ‘ಕೃಷ್ಣಾ ತೀರದ ಬಳಗ’ ಕಟ್ಟಿದರು. ಕೂಟ ಕ್ರೀಕಿನ ದಕ್ಷಿಣಕ್ಕೆ, ಬಳಗ ಉತ್ತರಕ್ಕೆ. ಅಡಿವೆಪ್ಪನವರ ಲೆಕ್ಕದಲ್ಲಿ ಇದು ಹೊಳೆಯೇ ಹಾಕಿಕೊಟ್ಟ ಗಡಿ. ಬಳಗದವರಲ್ಲಿ ಹುಬ್ಬಳ್ಳಿಯವರಿದ್ದರು, ಕಲಬುರಗಿಯವರಿದ್ದರು, ದಾವಣಗೆರೆಯವರೊಬ್ಬರೂ ಇದ್ದರು. ಕೃಷ್ಣೆಯ ತೀರದವರು ಒಬ್ಬರೂ ಇರಲಿಲ್ಲ.

ಅಡಿವೆಪ್ಪನವರು ಯೂನಿಯನ್ ಸಿಟಿಯ ಲೈಬ್ರರಿಯಲ್ಲಿ ಸ್ಲೈಡು ತೋರಿಸಿ ಭಾಷಣ ಮಾಡಿದರು: ನದಿ ಗಡಿಯನ್ನು ಹೇಗೆ ಮಾಡುತ್ತದೆ, ಗಡಿಯಾಚೆಗೆ ಸಂಸ್ಕೃತಿಯನ್ನು ಹೇಗೆ ಹಂಚುತ್ತದೆ. ನಕ್ಷೆಯಲ್ಲಿ ಮರಾಠಿಯವರಿಗೆ ಕೇಸರಿ ಬಣ್ಣ, ತೆಲುಗರಿಗೆ ಹಸಿರು, ನಮಗೆ ಹಳದಿ. ನಾನೂ ಹೋಗಿದ್ದೆ, ಮಂಡಕ್ಕಿ ಒಗ್ಗರಣೆ ಕಳಿಸಿದವನು ನಾನೇ ಆದ್ದರಿಂದ. ಹಂಚಿಕೊಂಡ ಸಂಸ್ಕೃತಿಯ ಬಗ್ಗೆ ತಿಳಿಯಲು ನನಗೆ ಸ್ಲೈಡು ಬೇಕಾಗಿರಲಿಲ್ಲ. ಬೇಸಗೆಯಲ್ಲಿ ನನ್ನ ಅಂಗಡಿಗೆ ಹುಳಿ ಸೊಪ್ಪು ಬರುತ್ತದೆ. ವಿಜಾಪುರದವರು ಅದನ್ನು ಪುಂಡಿ ಎಂದು ಒಯ್ಯುತ್ತಾರೆ, ಗುಂಟೂರಿನವರು ಗೋಂಗೂರ ಎಂದು ಒಯ್ಯುತ್ತಾರೆ, ಸೊಲ್ಲಾಪುರದವರು ಅಂಬಾಡಿ ಎಂದು ಒಯ್ಯುತ್ತಾರೆ. ಮೂವರೂ ಪಕ್ಕದವರ ಬುಟ್ಟಿಯನ್ನು ಓರೆಗಣ್ಣಿನಲ್ಲಿ ನೋಡಿ, ಇದರ ಪಲ್ಯ ಮಾಡಲು ನಮ್ಮವರಿಗೆ ಮಾತ್ರ ಬರುತ್ತದೆ ಎಂದು ನನಗೆ ಗುಟ್ಟಾಗಿ ಹೇಳುತ್ತಾರೆ. ನಾನು ಮೂವರಿಗೂ ಹೌದೆನ್ನುತ್ತೇನೆ.

ಭಾಷಣದ ಕೊನೆಗೆ ವ್ಯಾಸರಾಜರು ಎದ್ದು ನಿಂತರು.

“ಬ್ಯೂಟಿಫುಲ್ ಪ್ರೆಸೆಂಟೇಶನ್ನು ಅಡಿವೆಪ್ಪನೋರೆ. ಒಂದೇ ಒಂದು ಡೌಟು. ನಿಮ್ ಬಳಗದಲ್ಲಿ ಕೃಷ್ಣಾ ನದೀನ ಬಸ್ ಕಿಟಕಿಯಿಂದಲ್ಲದೆ ನೋಡಿರೋರು ಯಾರಾದ್ರೂ ಇದಾರಾ?”

ಸಭೆ ನಕ್ಕಿತು. ಬಳಗದವರೂ ನಕ್ಕರು, ಅದೇ ಅಡಿವೆಪ್ಪನವರಿಗೆ ಚುಚ್ಚಿದ್ದು. ಅಲ್ಲಿಯೇ ಮೈಕು ಹಿಡಿದು ಘೋಷಿಸಿದರು: “ಈ ಶ್ರಾವಣದಾಗ ನಮ್ಮ ಬಳಗ ಇಲ್ಲಿನ ಹೊಳಿಗೆ ಬಾಗಿನಾ ಕೊಡತೈತಿ. ಬಿಡುವವರು ನಮ್ಮ ಅತ್ತಿಯವರು, ಬಂಗಾರೆವ್ವನವರು. ಹುಟ್ಟಿದ್ದೂ ಕೃಷ್ಣಾ ದಂಡಿ, ಬಾಳಿದ್ದೂ ಕೃಷ್ಣಾ ದಂಡಿ. ಎಲ್ಲಾರೂ ಬರ್ರಿ. ವ್ಯಾಸರಾಜರೂ ಬರ್ರಿ.”

ಅತ್ತೆಯನ್ನು ಕೇಳಿರಲಿಲ್ಲ. ಕೇಳಿದ್ದು ಮರುದಿನ, ನನ್ನ ಅಂಗಡಿಯಲ್ಲಿ, ಅಕ್ಕಿ ಚೀಲಗಳ ಪಕ್ಕದಲ್ಲಿ ನಿಂತು.

“ಅತ್ತೀ, ನೀವು ಹೊಳಿ ದಂಡಿಯವರು. ನೀವು ಬಿಟ್ರ ಬಾಗಿನಕ್ಕೊಂದು ತೂಕ.”

“ಹೊಳಿಗೆ ಮನೀನ ಬಿಟ್ಟೀನಿ” ಎಂದಳು ಬಂಗಾರೆವ್ವ. “ತೊಲಿ, ತಲಬಾಗಲಾ, ಹಗೇವಿನಾಗಿನ ಜ್ವಾಳಾ. ಅದು ಸಾಲದಂತ ಈಗ ಬಳಿ, ಬಾಚಣಿಕಿ ಬೇಕಂತೇನು?”

“ಇದು ಬ್ಯಾರೆ ಹೊಳಿ ಅತ್ತಿ.”

“ಬ್ಯಾರೆ ಹೊಳಿ ಆದ್ರ ನಾ ಯಾಕ? ಇಲ್ಲಿ ಹುಟ್ಟಿದಾಕಿ ಯಾರರ ಬಿಡ್ಲಿ.”

ಮುದುಕಿಯ ತರ್ಕದ ಮುಂದೆ ಇಂಜಿನಿಯರು ಸ್ವಲ್ಪ ತಡಬಡಿಸಿದರು. ಬಳಗದ ಮಾನ, ಕೂಟದವರ ನಗು ಎಂದೆಲ್ಲ ಹೇಳಿದರು. ನೀವು ಒಲ್ಲೆ ಎಂದರೆ ಬಳಗದವರೆಲ್ಲ ಮರಳಿ ವ್ಯಾಸರಾಜರ ಬಿಸಿಬೇಳೆ ಬಾತಿಗೆ ಸಾಲು ನಿಲ್ಲುತ್ತಾರೆ ಎಂದರು.

“ಬಿಡ್ತೀನಿ ನಡೀರಿ. ಆದ್ರ ಅವತ್ತ ಅಷ್ಟೂ ಮಂದಿ ಮುಂದ ನೀವು ಒಂದ ಮಾತ ಹೇಳಬೇಕು. ಹಿರೇಮುರಡ್ಯಾಗ ನಾ ಹೊಡದ ಗೆರಿ ತಪ್ಪಿತ್ತು ಅಂತ. ಅಷ್ಟ.”

“ಅದು ಟೆಕ್ನಿಕಲ್ ವಿಷಯ ಐತಿ ಅತ್ತಿ. ಮಂದಿಗೆ ತಿಳಿಯಂಗಿಲ್ಲ.”

“ನನ್ನ ಮನಿ ಟೆಕ್ನಿಕಲ್ ಇರಲಿಲ್ಲ ಅಳಿಯಂದ್ರ. ಮಣ್ಣಿಂದಿತ್ತು.”

ಅಡಿವೆಪ್ಪನವರು ನನ್ನತ್ತ ನೋಡಿದರು. ನಾನು ಏಲಕ್ಕಿ ತೂಗುತ್ತಿದ್ದೆ. ಯಾರೂ ಏಲಕ್ಕಿ ಕೇಳಿರಲಿಲ್ಲ.

ಒಪ್ಪಿಗೆಯಾಗದೆ ಹೋದರು. ಆದರೆ ಕರೆಯೋಲೆ ಆಗಲೇ ಎಲ್ಲರ ಫೋನಿಗೆ ಹೋಗಿತ್ತು. ಅದರಲ್ಲಿ ಬಂಗಾರೆವ್ವನ ಚಿತ್ರ, ಹಿಂದೆ ಏರಿಯಿಂದ ಏರಿಗೆ ಕೆಂಪಗೆ ಹರಿಯುವ ಕ್ರೀಕು. ಆ ಚಿತ್ರ ಅಡಿವೆಪ್ಪನವರೇ ಫೆಬ್ರವರಿಯ ಜಡಿಮಳೆಯಲ್ಲಿ ಛತ್ರಿ ಹಿಡಿದು ತೆಗೆದದ್ದು. ಗಂಡ ಇಲ್ಲದವಳು ಬಾಗಿನ ಬಿಡಬಹುದೇ ಎಂದು ಕೂಟದ ಕಡೆಯಿಂದ ಗೊಣಗಾಟ ಬಂದಾಗ, ಶರಣರು ಆ ಭೇದವನ್ನೆಲ್ಲ ಎಂದೋ ಕಿತ್ತೆಸೆದಿದ್ದಾರೆ ಎಂದು ಅಡಿವೆಪ್ಪನವರು ಉದ್ದದ ಮೆಸೇಜು ಹಾಕಿದರು. ಶರಣರ ನೆನಪು ಅವರಿಗೆ ಬೇಕಾದಾಗ ಬರುತ್ತದೆ. ಕ್ರೀಕಿಗೆ ಏನನ್ನೂ ಎಸೆಯುವ ಹಾಗಿಲ್ಲ ಎಂದು ಇನ್ಯಾರೋ ಹೆದರಿಸಿದರು. ಅದಕ್ಕೂ ಪರಿಹಾರ ಹುಡುಕಿದರು: ಮೊರಕ್ಕೆ ನೈಲಾನ್ ದಾರ ಕಟ್ಟುವುದು, ನೀರಿಗೆ ಬಿಡುವುದು, ಫೋಟೋ ಆದ ಮೇಲೆ ಎಳೆದುಕೊಳ್ಳುವುದು. ದಾನವೂ ಆಯಿತು, ಮಾಲೂ ಮನೆಯಲ್ಲೇ ಉಳಿಯಿತು. ಇಷ್ಟು ವರ್ಷ ವ್ಯಾಪಾರ ಮಾಡಿದ ನನಗೂ ಇದು ಹೊಳೆದಿರಲಿಲ್ಲ. ದಾರವನ್ನೂ ನಾನೇ ಮಾರಿದೆ.

ಬಾಗಿನದ ದಿನಕ್ಕೆ ಒಂದು ವಾರ ಇರುವಾಗ ಬಂಗಾರೆವ್ವ ತಾನಾಗಿಯೇ ಒಪ್ಪಿದಳು. ಅಡಿವೆಪ್ಪನವರು ಮೊರ ಒಯ್ಯಲು ಬಂದಿದ್ದರು, ಆಕೆಯೂ ಜೊತೆಗಿದ್ದಳು.

“ಗೆರಿ ಸುದ್ದಿ ಬಿಡ್ರಿ. ನಾ ಬಿಡ್ತೀನಿ ಬಾಗಿನಾ. ಆದ್ರ ಹೊಳಿ ನೀರಿಗೇ ಬಿಡಾಕಿ. ಬಕೀಟಿಗೆ ಅಲ್ಲ, ಬೋಗಾಣಿಗೆ ಅಲ್ಲ. ಹೊಳ್ಯಾಗ ನೀರ ಇರಲಿಲ್ಲಂದ್ರ ಗೆರಿ ಮಾತು ಹೇಳಬೇಕಾಗತೈತಿ.”

“ಇಷ್ಟ ಹೌದಿಲ್ಲೋ!” ಅಡಿವೆಪ್ಪನವರ ಮುಖ ಅರಳಿತು. “ಶ್ರಾವಣದಾಗ ಹೊಳಿ ತುಂಬದ ಇರತಾವೇನು? ಆತು. ಮಾತು ಮಾತ.”

ಅವರು ಮೊರ ಕಾರಿನಲ್ಲಿಡಲು ಹೋದಾಗ ಮುದುಕಿ ನನ್ನನ್ನು ಕೇಳಿದಳು.

“ಶೆಟ್ರ, ನೀವು ದಿನಾ ಆ ಹೊಳಿ ಸೇತುವಿ ದಾಟಿ ಬರ್ತೀರಿ. ಕೆಳಗ ನೋಡೀರೇನು?”

“ನೋಡಿದ್ದೇನೆ ಅಮ್ಮ.”

“ಹಂಗಾರ ಬಾಯಿ ಮುಚ್ಕೊಂಡಿರ್ರಿ.”

ಊರಲ್ಲಿ ಹೊಳೆ ತುಂಬುವುದು ಶ್ರಾವಣದಲ್ಲಿ. ಈ ಸೀಮೆಯಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಗೆಗೆ ಒಂದು ಹನಿಯೂ ಇಲ್ಲ. ಅಡಿವೆಪ್ಪನವರ ಮನೆಯ ಕಡೆ ಹಳ್ಳ ಜೂನಿಗೇ ಒಣಗಿ ಬಿರಿದಿತ್ತು. ಬಂಗಾರೆವ್ವ ಮೊಮ್ಮಗಳ ಬೂಟು ಹಾಕಿಕೊಂಡು ಬೆಳಿಗ್ಗೆ ಬೆಳಿಗ್ಗೆ ಅದೇ ಏರಿಯ ಮೇಲೆ ನಡೆಯುತ್ತಿದ್ದಳು. ನೀರಾವರಿ ಕೆಲಸದಲ್ಲಿ ಅನ್ನ ಉಂಡ ಅಳಿಯ ಮಾತ್ರ ಫೆಬ್ರವರಿಯ ಚಿತ್ರ ನೋಡಿಕೊಂಡು, ಪಂಚಾಂಗ ನೋಡಿಕೊಂಡು, ಗ್ಯಾರೇಜಿನಲ್ಲಿ ಡೊಳ್ಳಿನವರಿಗೆ ತಾಲೀಮು ಕೊಡಿಸುತ್ತಿದ್ದರು. ಈ ನೆಲದ ಮೇಲೆ ಅವರ ಅರ್ಧ ಆಯಸ್ಸು ಕಳೆದಿತ್ತು. ಆಕಾಶ ಮಾತ್ರ ಇನ್ನೂ ವಿಜಾಪುರದ್ದೇ ಇತ್ತು.

ಆ ಶನಿವಾರ ಬೆಳಿಗ್ಗೆ ನಾನು ಊಟದ ಸಾಮಾನು, ಕುಡಿಯುವ ನೀರಿನ ಕ್ಯಾನು ತುಂಬಿದ ವ್ಯಾನನ್ನು ಉತ್ತರದ ಏರಿಯ ಹತ್ತಿರ ನಿಲ್ಲಿಸಿದೆ. ಬಳಗದವರು ಆಗಲೇ ಬಂದು ಕೆಳಗೆ ನೋಡಿ, ಒಬ್ಬರ ಮುಖ ಒಬ್ಬರು ನೋಡಿ, ಮೇಲೆ ಸೇತುವೆಯತ್ತ ನೋಡುತ್ತಿದ್ದರು, ನೀರು ಫ್ರೀವೇಯಲ್ಲಿ ಬರುತ್ತದೇನೋ ಎಂಬಂತೆ. ದಕ್ಷಿಣದ ಏರಿಯ ಮೇಲೆ ಕೂಟದವರು ಮಡಚುವ ಕುರ್ಚಿಗಳನ್ನು ಬಿಡಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಸಾಲಾಗಿ ಕೂತಿದ್ದರು. ನಡುವೆ ವ್ಯಾಸರಾಜರು. ಕುರ್ಚಿ ತಂದಿದ್ದಾರೆಂದರೆ ಅವರೂ ಮೊದಲೇ ಬಂದು ಹಳ್ಳ ನೋಡಿಹೋಗಿದ್ದಾರೆ ಎಂದು ತಿಳಿಯಿತು.

ಡೊಳ್ಳು ಕೇಳಿಸಿತು. ತಲೆಗೆ ಕೇಸರಿ ಪಟಗ ಸುತ್ತಿದ ಅಡಿವೆಪ್ಪನವರು ಮುಂದೆ, ಮೊರ ಹೊತ್ತ ಗುರುಬಸವ್ವ ಹಿಂದೆ, ಆಕೆಯ ಪಕ್ಕದಲ್ಲಿ ಬಂಗಾರೆವ್ವ. ಏರಿ ಹತ್ತಿದರು. ಡೊಳ್ಳಿನವರು ಮೊದಲು ಕೆಳಗೆ ನೋಡಿದರು. ಡೊಳ್ಳು ನಿಂತಿತು.

ಹಳ್ಳದಲ್ಲಿ ಉರುಟು ಕಲ್ಲುಗಳಿದ್ದವು, ಒಣ ಹುಲ್ಲಿತ್ತು. ಯಾರೋ ಅಂಗಡಿಯಿಂದ ತಳ್ಳಿಕೊಂಡು ಬಂದು ಬಿಟ್ಟ ಸಾಮಾನಿನ ಗಾಡಿಯೊಂದು ಚಕ್ರ ಮೇಲೆ ಮಾಡಿ ಬಿದ್ದಿತ್ತು. ಎರಡು ಬಾತುಕೋಳಿಗಳು ನೀರು ಎಲ್ಲಿ ಎಂದು ತಾವೂ ಹುಡುಕುತ್ತಿದ್ದ ಹಾಗಿತ್ತು.

ಅಡಿವೆಪ್ಪನವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. “ಮ್ಯಾಲ ಎಲ್ಲೋ ಗೇಟ್ ಹಾಕ್ಯಾರ” ಎಂದರು. ಇಂಜಿನಿಯರಿಗೆ ಹೊಳೆಯುವ ಮೊದಲ ಕಾರಣ ಯಾವಾಗಲೂ ಮೇಲಿನವರು.

ಆಚೆ ದಡದಿಂದ ವ್ಯಾಸರಾಜರ ದನಿ ಬಂತು.

“ಅಡಿವೆಪ್ಪನೋರೆ! ಎಷ್ಟು ಟಿಎಂಸಿ ಬಿಟ್ಟಿದೀರಾ? ನಮ್ ಪಾಲೂ ಇದ್ಯಾ ಅದ್ರಲ್ಲಿ?”

ಎರಡೂ ದಂಡೆಗಳು ಒಟ್ಟಿಗೆ ನಕ್ಕವು. ನದಿಗಳು ಜನರನ್ನು ಹೇಗೆ ಒಂದು ಮಾಡುತ್ತವೆ ಎಂಬ ಸ್ಲೈಡಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಕ್ಕುತ್ತಿರಲಿಲ್ಲ.

ಅಡಿವೆಪ್ಪನವರ ಕಣ್ಣು ನನ್ನ ವ್ಯಾನಿನ ಮೇಲೆ ಬಿತ್ತು. ಕ್ಯಾನು ಎತ್ತಿಕೊಂಡು ಇಳಿಜಾರಿನಲ್ಲಿ ಜಾರುತ್ತ ಕೆಳಗಿಳಿದು, ಒಂದು ತಗ್ಗು ಹುಡುಕಿ ನೀರು ಸುರಿದರು. ನೆಲ ಗಟಗಟ ಕುಡಿಯಿತು. ಇನ್ನೊಂದು ಕ್ಯಾನು ಸುರಿದರು. ಅದೂ ಹೋಯಿತು. ಪಟಗದ ತುದಿ ಬಿಚ್ಚಿ ಕೆಸರಿಗೆ ತಾಗುತ್ತಿತ್ತು. ಮೂರನೆಯದನ್ನು ತರಲು ಅವರು ತಿರುಗುವಷ್ಟರಲ್ಲಿ, ಆಮೇಲೆ ಊಟಕ್ಕೆ ನೀರು ಎಲ್ಲಿಂದ ಎಂದು ನಾನು ಬಾಗಿಲು ಹಾಕಿಬಿಟ್ಟೆ.

ಬಂಗಾರೆವ್ವ ಬೂಟುಗಾಲಿನಲ್ಲಿ ನಿಧಾನವಾಗಿ ಕೆಳಗಿಳಿದಳು. ಅಳಿಯನ ಎದುರು ನಿಂತಳು. ಆಕೆಯ ದನಿ ದೊಡ್ಡದಲ್ಲ, ಆದರೆ ಬರಿದಾದ ಹಳ್ಳ ಎರಡೂ ಕಡೆಗೂ ಅದನ್ನು ಒಯ್ದಿತು.

“ಬೋಗಾಣಿಗೆ ಅಲ್ಲ ಅಂದಿದ್ದೆ.”

“ಅತ್ತೀ, ಮಂದಿ ನೋಡಾಕತ್ತಾರ…”

“ನೋಡ್ಲಿ. ಅಳಿಯಂದ್ರ, ನೀರು ಎಲ್ಲಿ ಮಟ ಬರತೈತಂತ ಹೇಳಾವ್ರು ನೀವು. ಎಲ್ಲಿ, ಗೆರಿ ಹೊಡೀರಿ ಈಗ. ನಾ ಗೆರಿ ಹಿಂದ ನಿಂದರತೀನಿ.”

ಬಳಗದವರಿಗೆ ಇದು ಅರ್ಥವಾಗಲಿಲ್ಲ. ಗುರುಬಸವ್ವನಿಗೆ ಆಯಿತು. ತಾಯಿಯ ಹಿಂದೆಯೇ ಇಳಿದು ಮೊರವನ್ನು ಕಲ್ಲಿನ ಮೇಲಿಟ್ಟು, ಗಂಡನ ಮುಖವನ್ನೇ ನೋಡುತ್ತ ನಿಂತಳು. ಒಂದು ಕಾಲದಲ್ಲಿ ಚಹಾ ಕೊಟ್ಟು ಹಾಗೆಯೇ ನಿಂತಿದ್ದಳೋ ಏನೋ. ಈಗ ಕೈಯಲ್ಲಿ ಚಹಾ ಇರಲಿಲ್ಲ.

ಅಡಿವೆಪ್ಪನವರು ಎಲ್ಲವನ್ನೂ ಹೇಳಿ ನೋಡಿದರು. ಹವಾಮಾನ ಬದಲಾವಣೆ ಎಂದರು. ಈ ವರ್ಷ ಶ್ರಾವಣ ಬೇಗ ಬಂತು ಎಂದರು. ಅಂತರ್ಜಲ ಎಂಬ ಪದವೂ ಬಂತು. ಬಂಗಾರೆವ್ವ ಪ್ರತಿಯೊಂದಕ್ಕೂ ಹೂಂಗುಟ್ಟಿದಳು. ಹೂಂಗುಟ್ಟುವವರ ಎದುರು ಭಾಷಣ ಬಹಳ ಹೊತ್ತು ನಡೆಯುವುದಿಲ್ಲ. ಕೊನೆಗೆ ಪಟಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತರು.

“ತಪ್ಪಿತ್ತು ಅತ್ತಿ.”

“ಯಾವುದು?”

“ಗೆರಿ.”

“ಜೋರಾಗಿ ಹೇಳ್ರಿ. ಆ ದಂಡಿಗೆ ಕೇಳಿಸಿಲ್ಲ.”

“ಹಿರೇಮುರಡ್ಯಾಗ ನಾ ಹೊಡದ ಗೆರಿ ತಪ್ಪಿತ್ತು!” ಅಡಿವೆಪ್ಪನವರು ಕೂಗಿದರು. “ನಾ ಮಟ್ಟಾ ಸರಿ ನೋಡಿರಲಿಲ್ಲ. ನೋಡಿದ್ರ ನಿಮ್ಮ ತೊಲಿ ಉಳೀತಿದ್ವು. ಜ್ವಾಳಾನೂ ಉಳೀತಿತ್ತು.”

ಇಷ್ಟು ಹೇಳಿಸಲು ಒಂದು ದೊಡ್ಡ ನದಿ ತುಂಬಬೇಕಾಯಿತು, ಒಂದು ಸಣ್ಣ ನದಿ ಒಣಗಬೇಕಾಯಿತು. ಏನೋ ಚುರುಕಾಗಿ ಹೇಳಲು ಎದ್ದು ನಿಂತಿದ್ದ ವ್ಯಾಸರಾಜರು ಕಾಫಿ ಲೋಟ ಹಿಡಿದುಕೊಂಡೇ ಮತ್ತೆ ಕುರ್ಚಿಯಲ್ಲಿ ಕೂತರು.

ಬಂಗಾರೆವ್ವ ಒಂದು ಕಲ್ಲಿನ ಮೇಲೆ ಕ್ಷಣ ಹೊತ್ತು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎದ್ದಳು.

“ಆತು. ಗುರುಬಸವ್ವಾ, ಮೊರಾ ಬಿಚ್ಚು. ಹೊಳಿ ಇಲ್ಲಂದ್ರ ಏನಾತು, ಹೆಣ್ಣಮಕ್ಕಳು ಬಂದಾರ. ಉಡಿ ತುಂಬು.” ಆಚೆ ದಡದತ್ತ ಕೈ ಬೀಸಿದಳು. “ಬರ್ರಿ ಇತ್ತಾಗ. ನೀರ ಇಲ್ಲ, ಅಂಬಿಗನೂ ಬ್ಯಾಡ. ನಮ್ಮೂರಾಗ ಒಂದ ದಂಡಿ ಸಂಸ್ಥಾನದ ರಾಜಾಂದಿತ್ತಂತ, ಒಂದ ದಂಡಿ ಇಂಗ್ಲೀಷರದು. ನಮ್ಮವ್ವ ಹರಗೋಲಿನ್ಯಾಗ ತವರಿಗೆ ಹೋಗಿ ಬರ್ತಿದ್ಲು, ಯಾವ ರಾಜಾನೂ ಕೇಳಲಿಲ್ಲ.”

ಮೊದಲು ಇಳಿದವರು ವ್ಯಾಸರಾಜರ ಹೆಂಡತಿ ಮೈಥಿಲಿ. “ರೀ, ಚೇರ್ ನೋಡ್ಕೊಳ್ಳಿ” ಎಂದು ಗಂಡನಿಗೆ ಹೇಳಿ, ರೇಷ್ಮೆ ಸೀರೆ ಎತ್ತಿ ಹಿಡಿದು ಕಲ್ಲಿನಿಂದ ಕಲ್ಲಿಗೆ ದಾಟಿ ಬಂದರು. ಹಿಂದೆ ಉಳಿದವರು. ಗುರುಬಸವ್ವ ಬಳೆ, ಕಣ, ಅಕ್ಕಿ, ಬೆಲ್ಲ, ಕೊಬ್ಬರಿ ಒಬ್ಬೊಬ್ಬರ ಸೆರಗಿಗೆ ಹಾಕಿದಳು. ಎಳೆದುಕೊಳ್ಳಲು ಕಟ್ಟಿದ್ದ ನೈಲಾನ್ ದಾರ ಕಾಲಿಗೆ ತೊಡರುತ್ತದೆಂದು ಯಾರೋ ಹರಿದು ಬಿಸಾಡಿದರು. ಹಳ್ಳದಲ್ಲೇ ಕೂತು ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಊಟವಾಯಿತು. ರೊಟ್ಟಿ ಖಾಲಿಯಾಯಿತು. ಬಿಸಿಬೇಳೆ ಬಾತು ಯಾರೂ ತಂದಿರಲಿಲ್ಲ.

ಇದರಿಂದ ಎಲ್ಲ ಒಂದಾಯಿತು ಎಂದು ತಿಳಿಯಬೇಡಿ. ಬಳಗದ ಮುಂದಿನ ಮೀಟಿಂಗಿಗೆ ಅಡಿವೆಪ್ಪನವರು ಮತ್ತು ದಾವಣಗೆರೆಯವರು ಬಿಟ್ಟರೆ ಯಾರೂ ಬರಲಿಲ್ಲವಂತೆ. ದಾವಣಗೆರೆಯವರು ಬಂದದ್ದೂ ತಮ್ಮ ಪಾತ್ರೆ ಒಯ್ಯಲು. ಹೆಚ್ಚಿನವರು ಕೂಟಕ್ಕೆ ಮರಳಿದರು. ವ್ಯಾಸರಾಜರು ರಾಜ್ಯೋತ್ಸವದಲ್ಲಿ ಎರಡು ದಂಡೆಗಳನ್ನು ಒಂದುಗೂಡಿಸಿದವರು ಎಂದು ತಮಗೆ ತಾವೇ ಶಾಲು ಹೊದಿಸಿಕೊಂಡರು. ರೊಟ್ಟಿಯನ್ನು ಮೊದಲ ಮೇಜಿಗೆ ತಂದರು, ಅದು ಮಾತ್ರ ನಿಜ. ಅಡಿವೆಪ್ಪನವರ ಕಾರ್ಡಿನಲ್ಲಿ ಈಗ ಹೆಸರು, ಫೋನು ನಂಬರು ಇವೆ. ‘ಕೃಷ್ಣೆಯ ಮಗ’ ಇಲ್ಲ. ಬಂಗಾರೆವ್ವನನ್ನು ಕೇಳಿದರೆ, “ಮಗಾ ಎಲ್ಲ್ಯಾರಿ, ಅಳಿಯಾ” ಎನ್ನುತ್ತಾಳೆ. ಮೊರಗಳಲ್ಲಿ ಒಂದು ಆಕೆಯ ಬಳಿ ಇದೆ, ನನ್ನ ಅಂಗಡಿಯ ಜೋಳ ಕೇರಲು. ಕಲ್ಲು ಸಿಕ್ಕರೆ ತಂದು ತೋರಿಸುತ್ತಾಳೆ.

ಜನವರಿಯಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಾಗ ಕೆಳಗೆ ನೋಡಿದೆ. ಕ್ರೀಕು ಅವರ ಫೆಬ್ರವರಿಯ ಚಿತ್ರದ ಹಾಗೆಯೇ ಹರಿಯುತ್ತಿತ್ತು. ಏರಿಯ ಮೇಲೆ ಅತ್ತೆ, ಅಳಿಯ ಒಂದೇ ಛತ್ರಿಯಡಿ ನಿಂತಿದ್ದರು. ಅಳಿಯ ಬಗ್ಗಿ ಇಳಿಜಾರಿನಲ್ಲಿ ಒಂದು ಕಡ್ಡಿ ನೆಟ್ಟರು. ಅತ್ತೆ ಅಲ್ಲ ಎಂದು ಕೈಯಾಡಿಸಿ, ಅದಕ್ಕಿಂತ ಮೇಲೆ ಇನ್ನೊಂದು ಕಡ್ಡಿ ತೋರಿಸಿದಳು.

ಮಧ್ಯಾಹ್ನ ಅಡಿವೆಪ್ಪನವರು ಅಂಗಡಿಗೆ ಬಂದಾಗ ಕೇಳಿದೆ. ನಾಳೆ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಇಬ್ಬರೂ ಪಂದ್ಯ ಕಟ್ಟುತ್ತಾರಂತೆ. ಸೋತವರು ತೆಂಗಿನಕಾಯಿ ಕೊಡಬೇಕು.

“ಯಾರು ಗೆಲ್ತಾರೆ?”

ಅವರು ಬುಟ್ಟಿಯಿಂದ ಒಂದು ಕಾಯಿ ಎತ್ತಿ, ಕಿವಿಯ ಹತ್ತಿರ ಅಲುಗಿಸಿ ನೋಡಿ, ಒಳಗೆ ನೀರಿದೆ ಎಂದು ಖಾತ್ರಿ ಮಾಡಿಕೊಂಡು ತೆಗೆದುಕೊಂಡರು. ಈ ಚಳಿಗಾಲ ಆ ಮನೆಗೆ ನನ್ನ ಕಾಯಿ ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ.